ಮೂರನೇ ಬಾಗಿಲಿನ ಬೀಗ

ತಾಲೂಕು ಬಸ್ ನಿಲ್ದಾಣ. ಬೆಳಗ್ಗೆ ಏಳೂವರೆ. ಊರಿನ ಹೆಸರು ಬೇಡ, ನಿಮ್ಮೂರೂ ಆಗಿರಬಹುದು. ಕ್ಯಾಂಟೀನಿನಲ್ಲಿ ಎರಡು ಇಡ್ಲಿ, ಒಂದು ವಡೆ ಮುಗಿಸಿ, ಕಾಫಿ ಅರ್ಧ ಲೋಟ ಇಳಿದಿತ್ತು. ಅಷ್ಟರಲ್ಲಿ ಹೊಟ್ಟೆಯ ಎಡಭಾಗದ ಕೆಳಗಡೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದಂತಾಯಿತು.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಜಠರ ತುಂಬಿ ಹಿಗ್ಗಿದ ಕೂಡಲೇ ದೊಡ್ಡ ಕರುಳಿಗೆ ಸುದ್ದಿ ಹೋಗುತ್ತದೆ: ಹೊಸ ಲೋಡ್ ಬರ್ತಿದೆ, ಹಳೇದನ್ನ ಖಾಲಿ ಮಾಡ್ರಪ್ಪಾ. ಡಾಕ್ಟರುಗಳು ಇದಕ್ಕೆ ಗ್ಯಾಸ್ಟ್ರೊಕೋಲಿಕ್ ರಿಫ್ಲೆಕ್ಸ್ ಅನ್ನುತ್ತಾರೆ. ಬೆಳಗಿನ ತಿಂಡಿಯ ಹೊತ್ತಿಗೆ ಅದರ ಹುರುಪು ಜಾಸ್ತಿ. ಮಗುವಿಗೆ ಹಾಲು ಕುಡಿಸಿದ ತಕ್ಷಣ ಬಟ್ಟೆ ಯಾಕೆ ಬದಲಿಸಬೇಕಾಗುತ್ತದೆ ಅಂತ ಯಾವ ತಾಯಿಯನ್ನಾದರೂ ಕೇಳಿ.

ಶೌಚಾಲಯ ಇತ್ತು. ಚೆನ್ನಾಗಿಯೇ ಇತ್ತು. ಹೊರಗೋಡೆಗೆ ಟೈಲ್ಸ್, ಬಾಗಿಲ ಪಕ್ಕ ಕರಿ ಗ್ರಾನೈಟಿನ ಫಲಕ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ ನೀಡಿದವರು. ಎಣಿಸಿದೆ, ಹದಿನಾಲ್ಕು ಹೆಸರು. ಬಾಗಿಲಿಗೆ ಮುಷ್ಟಿ ಗಾತ್ರದ ಬೀಗ.

"ಬೀಗದ ಕೈ ಯಾರ ಹತ್ರ ಇದೆ ಅಣ್ಣಾ?" ಎದುರಿಗೆ ಬಾಳೆಹಣ್ಣು ಮಾರುತ್ತಿದ್ದವನನ್ನು ಕೇಳಿದೆ.

"ಅವ್ರು ತಿಂಡಿಗೆ ಹೋಗವ್ರೆ ಸಾರ್. ಬತ್ತಾರೆ."

ತಿಂಡಿಗೆ! ನನ್ನ ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಕಾಲು ಅಡ್ಡ ಹಾಕಿಕೊಂಡು ನಿಂತವನಿಗೆ ಜ್ಞಾನೋದಯ ಬೇಗ ಆಗುತ್ತದೆ. ನೋಡಿ, ನುಂಗುವುದು ನಮ್ಮ ಕೈಯಲ್ಲಿದೆ, ಕೆಳಗಡೆ ತಡೆದು ಹಿಡಿಯುವುದು ನಮ್ಮ ಕೈಯಲ್ಲಿದೆ. ನಡುವಿನ ಏಳೆಂಟು ಮೀಟರ್ ಕೊಳವೆಯಲ್ಲಿ ಏನು ನಡೆದರೂ ನಮ್ಮನ್ನು ಯಾರೂ ಕೇಳುವುದಿಲ್ಲ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಶರೀರವಿಜ್ಞಾನಿಗಳು ನಾಯಿಯ ಕರುಳಿಗೆ ಬರುವ ಹೊರಗಿನ ನರಗಳನ್ನೆಲ್ಲ ಕತ್ತರಿಸಿ ನೋಡಿದರು. ಕರುಳು ತನ್ನ ಪಾಡಿಗೆ ತಳ್ಳುತ್ತಲೇ ಇತ್ತು. ತುತ್ತಿನ ಹಿಂದೆ ಬಿಗಿಯುವುದು, ಮುಂದೆ ಸಡಿಲಿಸುವುದು, ಅಷ್ಟೇ ಅದರ ಕಾನೂನು. ಕರುಳಿನ ಗೋಡೆಯೊಳಗೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ತಲೆಯಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದಲ್ಲೂ ಹತ್ತರಲ್ಲಿ ಸುಮಾರು ಎಂಟು ಎಳೆಗಳು ಕೆಳಗಿನ ವರದಿಯನ್ನು ಮೇಲಕ್ಕೆ ಒಯ್ಯುವಂಥವು. ಮೇಲಿನ ಅಪ್ಪಣೆ ಕೆಳಗೆ ತರುವವು ಬಾಕಿ ಒಂದೆರಡು. ಕಡತ ಇಲ್ಲ, ರುಜು ಇಲ್ಲ, ಆದರೂ ಕೆಲಸ ನಿಂತಿಲ್ಲ.

ಕೊನೆಯಲ್ಲಿ ಎರಡು ಬಾಗಿಲು. ಒಳಗಿನದು ನಮ್ಮ ಮಾತು ಕೇಳುವುದಿಲ್ಲ. ಗುದನಾಳ ತುಂಬಿದ ಕೂಡಲೇ ತಾನಾಗಿ ಸ್ವಲ್ಪ ಸಡಿಲಾಗಿ, ಬಂದದ್ದು ಗಾಳಿಯೋ ನೀರೋ ಗಟ್ಟಿಯೋ ಅಂತ ಪರೀಕ್ಷೆಗೆ ಬಿಟ್ಟುಕೊಡುತ್ತದೆ. ಅಲ್ಲಿನ ಚರ್ಮಕ್ಕೆ ಅಷ್ಟು ಚುರುಕಾದ ಬುದ್ಧಿ ಇದೆ. ಗಾಳಿಗೂ ಗಟ್ಟಿಗೂ ವ್ಯತ್ಯಾಸ ತಿಳಿಯುವ ಇಷ್ಟು ಒಳ್ಳೆಯ ಅಧಿಕಾರಿ ಬೇರೆ ಕಡೆ ಇದ್ದಿದ್ದರೆ ಎಷ್ಟೋ ಭಾಷಣ ತಪ್ಪುತ್ತಿತ್ತು. ಹೊರಗಿನ ಬಾಗಿಲು ಮಾತ್ರ ನಮ್ಮದು. ಉಂಗುರದಂಥ ಒಂದು ಸಣ್ಣ ಸ್ನಾಯು. ಪೂರ್ತಿ ಬಲ ಹಾಕಿ ಬಿಗಿ ಹಿಡಿದರೆ ಸುಮಾರು ಒಂದು ನಿಮಿಷಕ್ಕೆ ಸುಸ್ತಾಗುತ್ತದೆ.

ನಮ್ಮ ಊರುಗಳ ನೈರ್ಮಲ್ಯ ನಿಂತಿರುವುದು ಈ ಉಂಗುರದ ಮೇಲೆಯೇ ಅಲ್ವಾ? ಮೂರನೇ ಬಾಗಿಲು ಪುರಸಭೆಯದು, ಅದಕ್ಕೆ ಬೀಗ. ಹಾಗಾಗಿ ಪ್ರಜೆ ಎರಡನೆಯದನ್ನು ಭದ್ರವಾಗಿ ಹಿಡಿದುಕೊಳ್ಳಬೇಕು. ಈ ಸ್ನಾಯುವಿಗೆ ಯಾವ ಬಜೆಟ್ಟಿನಲ್ಲೂ ಒಂದು ಪೈಸೆ ತೆಗೆದಿಟ್ಟಿಲ್ಲ. ಅದಕ್ಕೊಂದು ಶಾಲು, ಹಾರ, ಮೈಸೂರು ಪೇಟವೂ ಇಲ್ಲ.

2019ರ ಅಕ್ಟೋಬರ್ 2ರಂದು ಸಾಬರಮತಿ ತೀರದಲ್ಲಿ ದೇಶದ ಹಳ್ಳಿಗಳು ಬಯಲು ಶೌಚ ಮುಕ್ತ ಎಂದು ಘೋಷಣೆಯಾಯಿತು. ಬಯಲು ಮುಕ್ತ ಅಂದರು, ಬಾಗಿಲು ಮುಕ್ತ ಅಂತ ಎಲ್ಲಿ ಅಂದರು? ನಾವೇ ತಪ್ಪು ತಿಳಿದುಕೊಂಡದ್ದು. ನವೆಂಬರ್ 19 ವಿಶ್ವ ಶೌಚಾಲಯ ದಿನ. 2013ರಲ್ಲಿ ವಿಶ್ವಸಂಸ್ಥೆಯೇ ಒಪ್ಪಿಕೊಂಡ ದಿನ. ಅವತ್ತು ಇಲ್ಲೂ ಮಕ್ಕಳ ಜಾಥಾ ಬಂದಿತ್ತಂತೆ, ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕಿದ್ದರಂತೆ.

"ಒಂದು ವಾರ ಆದ್ರೂ ಅಳಿಸಿರ್ಲಿಲ್ಲ ಸಾರ್," ಅಂದ ಬಾಳೆಹಣ್ಣಿನವನು. "ತುಳಿಯೋರು ಯಾರು?"

ಪಕ್ಕದ ಕಲ್ಲುಬೆಂಚಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಮೊಮ್ಮಗಳು ನೀರಿನ ಬಾಟಲಿ ಚಾಚಿದಳು. "ಬ್ಯಾಡ ಕಣವ್ವ, ಬಸ್ಸಿಗೆ ಹೋಗೋ ದಿನ ನಾನು ನೀರು ಮುಟ್ಟಾಕಿಲ್ಲ," ಅಂದರು. ಗಂಡಸರಿಗೆ ಗೋಡೆಯಾದರೂ ಇದೆ, ನಾಚಿಕೆ ಇಲ್ಲದಿದ್ದರೆ. ಹೆಂಗಸರ ಪ್ರಯಾಣದ ಸಿದ್ಧತೆ ಹಿಂದಿನ ರಾತ್ರಿಯ ಬಾಯಾರಿಕೆಯಿಂದಲೇ ಶುರು.

ಕರುಳು ಇದನ್ನೆಲ್ಲ ಸುಮ್ನೆ ಬಿಡುವುದಿಲ್ಲ. ಕುಡಿದ ನೀರು, ಜೊಲ್ಲು, ಪಿತ್ತ, ಜೀರ್ಣರಸ ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ಅದರೊಳಗೆ ಹರಿಯುತ್ತದೆ. ಮಲದಲ್ಲಿ ಹೊರಗೆ ಹೋಗುವುದು ಒಂದು ಲೋಟಕ್ಕಿಂತ ಕಡಿಮೆ. ಉಳಿದದ್ದನ್ನೆಲ್ಲ ಕರುಳು ಹೀರಿಕೊಳ್ಳುತ್ತದೆ. ತಡೆದಷ್ಟೂ ದೊಡ್ಡ ಕರುಳು ಹೀರುತ್ತಲೇ ಇರುತ್ತದೆ, ಒಳಗಿನದು ಒಣಗಿ ಕಲ್ಲಾಗುತ್ತದೆ. ದಿನವೂ ತಡೆದರೆ ಗುದನಾಳ ಹಿಗ್ಗಿ, ಬಾಗಿಲು ತಟ್ಟುವುದನ್ನೇ ಮರೆಯತೊಡಗುತ್ತದೆ. ನಿಲ್ದಾಣದ ಎದುರಿಗೇ ಔಷಧಿ ಅಂಗಡಿ. ಗಾಜಿನ ಕಪಾಟಿನ ತುಂಬ ಇಸಬ್‌ಗೋಲ್, ಚೂರ್ಣ, ರಾತ್ರಿ ನುಂಗಿ ಬೆಳಗ್ಗೆ ನಗುವ ಮಾತ್ರೆ. ಆ ಅಂಗಡಿ ಆರು ಗಂಟೆಗೇ ತೆರೆದಿತ್ತು.

ಇಪ್ಪತ್ತು ನಿಮಿಷವಾದ ಮೇಲೆ ಕೀಲಿಯವರು ಬಂದರು. ಹಲ್ಲಿನ ಸಂದಿಯಲ್ಲಿ ಕಡ್ಡಿ, ಮುಖದಲ್ಲಿ ಪೂರಿ ಸಾಗುವಿನ ತೃಪ್ತಿ. ಗೊಂಚಲಿನಿಂದ ಒಂದೊಂದೇ ಕೀಲಿ ಹಾಕಿ ನೋಡಿದರು. ಐದನೆಯದಕ್ಕೆ ಬೀಗ ತೆರೆಯಿತು.

"ಹೋಗಿ ಸಾರ್."

ಹೋದೆ, ಕೂತೆ, ಕಾದೆ. ಏನೂ ಇಲ್ಲ. ತುಂಬ ಹೊತ್ತು ತಡೆದರೆ ಗುದನಾಳ ಸಡಿಲಾಗಿ ಜಾಗ ಮಾಡಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ಕರುಳಿನ ದೊಡ್ಡ ನೂಕು ದಿನಕ್ಕೆ ಒಂದೋ ಎರಡೋ ಮೂರೋ ಸಲ ಮಾತ್ರ ಬರುವಂಥದ್ದು. ಬಂದಿತ್ತು, ಕಾಯಿತು, ಹೋಯಿತು. ಹೊರಗೆ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಒಂದಕ್ಕಾ ಸಾರ್, ಎರಡಕ್ಕಾ?" ಬಾಗಿಲಲ್ಲಿ ಕೇಳಿದರು.

"ಯಾವುದೂ ಆಗಲಿಲ್ಲ ಕಣಣ್ಣಾ."

ಅವರು ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಎರಡರದ್ದೇ ಕೊಡಿ. ಬಾಗಿಲು ತೆಗೆದಿದ್ದು ಅದಕ್ಕೇ ಅಲ್ವಾ?"

ಐದು ರೂಪಾಯಿ ಜೇಬಿಗಿಳಿಸಿ, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರು.