ಎಲ್ಲವೂ ಕೆಂಪಾದರೆ ದೋಷ ಯಾವುದು?
ಬದಿಯಡ್ಕದ ಮನೆಯಲ್ಲೇ ಕುಳಿತು ರಾತ್ರಿಪಾಳಿಯಲ್ಲಿ ಸರ್ವರ್ ಕಾಯುವ ನನಗೆ, ಟರ್ಮಿನಲ್‌ನಲ್ಲಿ (ಬರಿ ಅಕ್ಷರಗಳ ಪರದೆಯಲ್ಲಿ) ಓಡುವ ಲಾಗ್ ಸಾಲುಗಳಲ್ಲಿ (ಪ್ರೋಗ್ರಾಂ ತನ್ನ ಕೆಲಸದ ಬಗ್ಗೆ ಬರೆಯುವ ದಾಖಲೆಯಲ್ಲಿ) ದೋಷ ಕೆಂಪಾಗಿಯೂ ಎಚ್ಚರಿಕೆ ಹಳದಿಯಾಗಿಯೂ ಕಾಣಬೇಕೆಂಬುದು ದೊಡ್ಡ ಬೇಡಿಕೆಯೇನಲ್ಲ. ಆದರೆ ತಂಡದ ಹೊಸ ಪ್ರೋಗ್ರಾಂ ಸಾಮಾನ್ಯ ಮಾಹಿತಿಯನ್ನೂ ಕೆಂಪಿನಲ್ಲೇ ತೋರಿಸುವುದರಿಂದ ಇಡೀ ಪರದೆ ನಮ್ಮೂರಿನ ಮುರಕಲ್ಲಿನ ಗೋಡೆಯಾಗಿದೆ. ದೋಷ ಪತ್ತೆಗೆ ನೆರವಾಗುವ ಡೀಬಗ್ ಸಾಲುಗಳ ಕಡುನೀಲಿಯಂತೂ ಕಪ್ಪು ಹಿನ್ನೆಲೆಯಲ್ಲಿ ಕಾಣುವುದೇ ಇಲ್ಲ. ಸಾಲದ್ದಕ್ಕೆ, ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೋ ಫೈಲಿಗೋ ಎಂದು ಪರೀಕ್ಷಿಸದೆ ಬಣ್ಣದ ಸಂಕೇತಗಳನ್ನು ಸುರಿಯುವುದರಿಂದ, ಉಳಿಸಿಟ್ಟ ಫೈಲಿನ ಪ್ರತಿ ಕೆಂಪು ಸಾಲಿನ ಮೊದಲು ‘[31ಎಂ’, ಕೊನೆಗೆ ‘[0ಎಂ’ ಎಂಬ ಕಸ ಅಂಟಿಕೊಂಡು, ಸಾಲಿನ ಆರಂಭದಲ್ಲೇ ‘ಎರರ್’ ಹುಡುಕುವ ನನ್ನ ಗ್ರೆಪ್ ಎಂಬ ಹುಡುಕಾಟದ ಆಜ್ಞೆ ಬರಿಗೈಯಲ್ಲಿ ಮರಳುತ್ತದೆ. ‘ನೋ_ಕಲರ್’ ಎಂಬ ವೇರಿಯಬಲ್ (ಪ್ರೋಗ್ರಾಂಗಳು ಓದುವ ಸೆಟ್ಟಿಂಗ್) ಇಟ್ಟರೆ ಬಣ್ಣ ನಿಲ್ಲಿಸಬೇಕೆಂಬ ರೂಢಿ 2017ರಿಂದಲೂ ಇದೆ. ಇದು ಅದಕ್ಕೂ ಕಿವಿಗೊಡುವುದಿಲ್ಲ. ನಿನ್ನೆ ಡಿಸ್ಕ್ ತುಂಬಿತೆಂಬ ಒಂದೇ ಒಂದು ನಿಜವಾದ ದೋಷ ಆ ಕೆಂಪಿನೊಳಗೆ ಅಡಗಿದ್ದು, ನನ್ನ ಕಣ್ಣಿಗೆ ಬಿದ್ದಾಗ ಬೆಳಗಿನ ಜಾವ ನಾಲ್ಕು ಗಂಟೆಯಾಗಿತ್ತು.