ಎಲ್ಲ ಬಿಳಿ ವೈನ್‌ಗೂ ಒಂದೇ ನಿಯಮ ಸಲ್ಲದು
ಬಿಳಿ ವೈನನ್ನು ಹೊಸದಾಗಿರುವಾಗಲೇ ಚೆನ್ನಾಗಿ ತಣಿಸಿ ಕುಡಿಯಬೇಕೆಂದು ಲೇಖನವೊಂದರಲ್ಲಿ ಓದಿದೆ; ಆ ಮಾತನ್ನು ಒಪ್ಪಲಾರೆ. ಫ್ರಾನ್ಸಿನ ಲ್ವಾರ್ ನದಿಯ ದಂಡೆಯಲ್ಲಿ, ಆಂಜೆ ನಗರದ ಸಮೀಪದ ಸವೆನಿಯೇರ್‌ನಲ್ಲಿರುವ ‘ಕುಲೇ ದ ಸೆರಾಂ’ ತೋಟವನ್ನೇ ನೋಡಿ. 12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಬಳ್ಳಿ ನೆಟ್ಟ, ಸುಮಾರು 7 ಹೆಕ್ಟೇರಿನ ಈ ಕಡಿದಾದ ಇಳಿಜಾರಿನಲ್ಲಿ ಬೆಳೆಯುವುದು ಶೆನಿನ್ ಬ್ಲಾಂ ಎಂಬ ಒಂದೇ ತಳಿಯ ಬಿಳಿ ವೈನ್ ದ್ರಾಕ್ಷಿ. ವೈನ್ ತಯಾರಕ ನಿಕೋಲಾ ಜೋಲಿ ಅವರು 1980ರ ದಶಕದಲ್ಲಿ ರಾಸಾಯನಿಕಗಳನ್ನು ಕೈಬಿಟ್ಟು ಬಯೋಡೈನಾಮಿಕ್ ಎಂಬ ಒಂದು ಬಗೆಯ ಸಾವಯವ ಕೃಷಿಗೆ ಹೊರಳಿಸಿದ ಈ ತೋಟದಲ್ಲಿ, ಹಣ್ಣನ್ನು ಒಂದೇ ಸಲಕ್ಕೆ ಕೊಯ್ಯದೆ, ಚೆನ್ನಾಗಿ ಮಾಗಿದ್ದನ್ನಷ್ಟೇ ಆರಿಸುತ್ತ ಹಲವು ಸುತ್ತು ಕೊಯ್ಲು ಮಾಡುತ್ತಾರೆ. ಶೆನಿನ್ ಎಷ್ಟು ಮಾಗಿದರೂ ತನ್ನ ಹುಳಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ವೈನ್ ದಶಕಗಳ ಕಾಲ ಬಾಳುವುದಕ್ಕೆ ಅದೇ ಮುಖ್ಯ ಕಾರಣ. ಬಾಟಲಿಯನ್ನು ಕುಡಿಯುವುದಕ್ಕೆ ಒಂದು ದಿನ ಮೊದಲೇ ತೆರೆದಿಡಬೇಕೆಂಬುದು ಸ್ವತಃ ಜೋಲಿಯವರ ಸಲಹೆ. ಇಂಥದ್ದನ್ನು ಮಂಜಿನಷ್ಟು ತಣಿಸಿದರೆ ಅದರ ಜೇನಿನ ಕಂಪೇ ಮೂಗಿಗೆ ಸಿಗದು.