ಸ್ಪಷ್ಟನೆ: ಆರು ಪದಗಳ ಕತೆ ಹೆಮಿಂಗ್ವೇ ಬರೆದದ್ದೆನ್ನಲು ಪುರಾವೆಯಿಲ್ಲ

‘ಮಾರಾಟಕ್ಕಿವೆ: ಮಗುವಿನ ಬೂಟುಗಳು, ಒಮ್ಮೆಯೂ ತೊಟ್ಟಿಲ್ಲ.’ ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ ಊಟದ ಮೇಜಿನಲ್ಲಿ ಗೆಳೆಯರೊಡನೆ ಪಣ ಕಟ್ಟಿ, ಇಂಗ್ಲಿಷಿನ ಆರೇ ಪದಗಳಲ್ಲಿ ಈ ಕತೆ ಬರೆದು ಹಣ ಗೆದ್ದರೆಂದು ಜಾಹೀರಾತು ಬರವಣಿಗೆ ಕಲಿಸುವವರು ಹೇಳುತ್ತಲೇ ಇದ್ದಾರೆ. ಗೊತ್ತಿರುವ ಮಟ್ಟಿಗೆ ಈ ಪಣದ ಪ್ರಸಂಗ ಮೊದಲು ಅಚ್ಚಾದದ್ದು 1991ರಲ್ಲಿ. ಹೆಮಿಂಗ್ವೇ ತೀರಿಕೊಂಡದ್ದು 1961ರಲ್ಲಿ. ಇನ್ನು 1910ರಲ್ಲೇ ಅಮೆರಿಕದ ಸ್ಪೋಕೇನ್ ನಗರದ ಪತ್ರಿಕೆಯೊಂದು, ಕೈಯಲ್ಲಿ ಹೊಲಿದ ಕೂಸಿನ ಬಟ್ಟೆ ಮತ್ತು ಮಂಚ ಮಾರಾಟಕ್ಕಿವೆ, ಬಳಸಿಯೇ ಇಲ್ಲ ಎಂಬ ವರ್ಗೀಕೃತ ಜಾಹೀರಾತಿನ ಬಗ್ಗೆ ಬರೆದಿತ್ತು. ಹೆಮಿಂಗ್ವೇ ಆಗಿನ್ನೂ ಶಾಲೆಗೆ ಹೋಗುವ ಹುಡುಗ! ಕತೆಯ ಕಸುಬು ಮಾತ್ರ ಅಪ್ಪಟ: ಮಗುವಿಗೆ ಏನಾಯಿತೆಂದು ಎಲ್ಲಿಯೂ ಹೇಳದೆ ಆ ಭಾರವನ್ನು ಓದುಗರ ಮೇಲೇ ಹೊರಿಸಿದೆ. ಧಾರಾಳವಾಗಿ ಕಲಿಸಲಿ, ಕರ್ತೃವಿನ ಜಾಗದಲ್ಲಿ ‘ಅಜ್ಞಾತ’ ಎಂದು ಬರೆದರಾಯಿತು.